ಐದು ಕಾಜಾಕ್ಕೆ ಮೂರೇ ಗುಂಡಿ

ತಿಕೋಟಾದ ಬಂದೇನವಾಜ ಟೇಲರ್ ಹೊಲಿದ ಅಂಗಿಯಲ್ಲಿ ಒಬ್ಬ ಮನುಷ್ಯನೂ ಅವನ ಮುಂದಿನ ಹತ್ತು ವರ್ಷವೂ ಒಟ್ಟಿಗೆ ಹಿಡಿಯುತ್ತಿದ್ದವು. ಇದರಲ್ಲಿ ತಪ್ಪು ಅವನೊಬ್ಬನದೇ ಅಲ್ಲ. ಸಾಲಿಗೆ ಹೋಗುವ ಹುಡುಗನಿಗೆ ಅಂಗಿ ಹೊಲಿಸಲು ಬಂದ ತಾಯಿ, ಅರಿವೆ ಕೈಗೆ ಕೊಡುವ ಮೊದಲೇ "ತುಸು ಸಡ್ಲ ಬಿಡೋ ಯಪ್ಪಾ, ಬೆಳಿಯೋ ಕೂಸು" ಅನ್ನುತ್ತಿದ್ದಳು. ಈ ಮಾತು ಕೇಳಿ ಕೇಳಿ ಅವನ ಕೈ ಅದನ್ನೇ ಕಲಿತುಬಿಟ್ಟಿತ್ತು. ಅರವತ್ತು ದಾಟಿದ ಬಸಲಿಂಗಯ್ಯನವರಿಗೂ ಬೆಳೆಯೋ ಕೂಸಿನ ಲೆಕ್ಕದಲ್ಲೇ ಕತ್ತರಿ ಆಡಿಸುತ್ತಿದ್ದ. ಆ ಬಸಲಿಂಗಯ್ಯನವರು ಒಂದು ಆಷಾಢದಲ್ಲಿ ಹೊಸ ಅಂಗಿ ತೊಟ್ಟು ಹೊಲಕ್ಕೆ ಹೋದಾಗ ಗಾಳಿ ಅಂಗಿಯೊಳಗೆ ಹೊಕ್ಕು, ಅವರನ್ನು ಎತ್ತಿಕೊಂಡು ಹೋಗಿ ಪಕ್ಕದ ಊರು ಘೋಣಸಗಿಯಲ್ಲಿ ಇಳಿಸಿತು ಅಂತ ಹೇಳುವವರಿದ್ದಾರೆ. ನಾನು ಅಷ್ಟು ಸುಳ್ಳು ಹೇಳುವವನಲ್ಲ. ಅವರು ಅರ್ಧ ದಾರಿಯಲ್ಲೇ ಇಳಿದರು.

ಹೊಲಿಗೆ ಅವನ ಹೊಟ್ಟೆಪಾಡು. ಹುಚ್ಚು ಇದ್ದದ್ದು ರೇಡಿಯೋದು. ಊರಿಗೆ ಬಂದ ಟೂರಿಂಗ್ ಟಾಕೀಜಿನ ಆಪರೇಟರನಿಗೆ ಎರಡು ಪಾಯಿಜಾಮ ಹೊಲಿದುಕೊಟ್ಟು ಬೆಸುಗೆ ಹಾಕುವುದನ್ನು ಕಲಿತಿದ್ದ. ಟಾಕೀಜು ಎದ್ದು ಹೋಗುವಾಗ ಹಳೆಯ ಸ್ಪೀಕರೊಂದನ್ನು ಇವನ ಕೈಯಲ್ಲಿಟ್ಟು ಹೋಯಿತು. ಬಂದೇನವಾಜ ಆ ಸ್ಪೀಕರನ್ನು ನೀರಿನ ಹರವಿಯ ಬಾಯಿಗೆ ಕೂಡಿಸಿದ. ಬಿಸ್ಕೀಟಿನ ಡಬ್ಬಿಯೊಳಗೆ ತಾನೇ ಒಂದು ಆಂಪ್ಲಿಫಾಯರ್ ಕಟ್ಟಿದ. ಮೊದಲ ಸಲ ಅದನ್ನು ಹಚ್ಚಿದ ದಿನ ಓಣಿಯ ಕೋಳಿಗಳೆಲ್ಲ ಒಂದು ವಾರದ ತತ್ತಿಯನ್ನು ಒಂದೇ ಮುಂಜಾನೆ ಇಟ್ಟು ಕೈತೊಳೆದುಕೊಂಡವು.

ಆದರೆ ಆ ವಿದ್ಯೆಯಲ್ಲೂ ಅವನು ಟೇಲರನೇ. ವೈರಿನ ತುದಿಗೆ ಇರುವ ಪ್ಲಗ್ಗಿಗೆ ಗುಂಡಿ ಅನ್ನುತ್ತಿದ್ದ, ಅದು ಹೋಗಿ ಕೂಡುವ ತೂತಿಗೆ, ಅಂಗಿಯಲ್ಲಿ ಗುಂಡಿ ತೂರಿಸುವ ತೂತಿನ ಹಾಗೆ, ಕಾಜಾ ಅನ್ನುತ್ತಿದ್ದ. ವೈರು ಹರಿದರೆ "ಹೊಲಿಗಿ ಬಿಚ್ಚೈತಿ" ಅನ್ನುತ್ತಿದ್ದ. ಹೆಂಡತಿ ಅಬೇದಾ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. "ಮಂದಿ ಗುಂಡಿ ಹಚ್ಚರಿ ಅಂತ ಬಾಗಲಕ ಬಂದು ನಿಂತಾರ, ನೀವು ಡಬ್ಬಿಗೆ ಗುಂಡಿ ಹಚ್ಚಾಕತ್ತೀರಿ!"

ಎಪ್ಪತ್ತಾರನೇ ಇಸವಿ ಇರಬೇಕು. ಬಬಲೇಶ್ವರದಲ್ಲಿ ಅಬೇದಾಳ ತಾಯಿ ಪೀರಾಂಬಿ ಇದ್ದಳು. ಅವಳ ಒಬ್ಬನೇ ಮಗ ಲಾಡಲೇಸಾಬ ಕುವೈತಿಗೆ ದುಡಿಯಲು ಹೋಗಿ ಮೂರು ವರ್ಷ ಆಗಿತ್ತು. ಮಗನ ಧ್ವನಿ ಕೇಳಬೇಕು ಅನ್ನುವುದೊಂದೇ ಅವಳ ಹಂಬಲ. ಅಡಚಣಿ ಅಂದರೆ ಅವಳ ಕಿವಿ. ಮಿಂಚು ಕಂಡಾಗೆಲ್ಲ ಪೀರಾಂಬಿ ಅಂಗಳಕ್ಕೆ ಬಂದು, "ಗುಡುಗು ಯಾಕ ಬರಲಿಲ್ಲ?" ಅಂತ ಆಕಾಶಕ್ಕೆ ತಕರಾರು ಮಾಡುತ್ತಿದ್ದಳು.

ಆ ವರ್ಷ ಘೋಣಸಗಿಯ ಅಬ್ದುಲಸಮದ ಕುವೈತಿನಿಂದ ರಜೆಗೆ ಬಂದ. ಲಾಡಲೇಸಾಬನ ಜೋಡಿ ಒಂದೇ ಖೋಲಿಯಲ್ಲಿ ಇರುವವನು. ಬರುವಾಗ ಒಂದು ಟೇಪ್‌ರೆಕಾರ್ಡರ್ ತಂದಿದ್ದ, ಅದರೊಂದಿಗೆ ಲಾಡಲೇಸಾಬ ತಾಯಿಗಾಗಿ ಮಾತಾಡಿ ತುಂಬಿ ಕಳಿಸಿದ ಒಂದು ಕ್ಯಾಸೆಟ್ಟು. "ಮೊದಲು ಅಮ್ಮ ಕೇಳಬೇಕು, ಆಮ್ಯಾಲ ಊರು ಕೇಳಲಿ" ಅಂತ ಆಣೆ ಹಾಕಿಸಿಕೊಂಡಿದ್ದನಂತೆ. ಆದರೆ ಮಷೀನು ಹಡಗಿನಲ್ಲಿ ಯಾರದೋ ಟ್ರಂಕಿನ ಕೆಳಗೆ ಸಿಕ್ಕು ಅದರ ಹೊಟ್ಟೆಯೊಳಗಿನ ಸ್ಪೀಕರು ಒಡೆದಿತ್ತು. ಬೇರೆ ಕ್ಯಾಸೆಟ್ಟು ಹಾಕಿ ನೋಡಿದರೆ ಬಾಟಲಿಯೊಳಗೆ ಸೊಳ್ಳಿ ಹೊಕ್ಕಂಥ ಸಪ್ಪಳ. ಒಳ್ಳೆ ಕಿವಿಯವರಿಗೇ ಕೇಳದ್ದು ಪೀರಾಂಬಿಗೆ ಏನು ಕೇಳೀತು?

ಬಂದೇನವಾಜ ಬಬಲೇಶ್ವರಕ್ಕೆ ಹೋಗಿ ಅತ್ತೆಯ ಕಿವಿಯ ಹತ್ತಿರ ಬಾಯಿಟ್ಟು ಕೂಗಿದ: "ಅತ್ತೀ, ನಿಮ್ಮ ಮಗನ ಧ್ವನಿ ನಾ ಕೇಳಸ್ತೇನಿ! ನನ್ನ ಡಬ್ಬಿಗೆ ಆ ಮಷೀನ ಜೋಡಸ್ತೇನಿ!"

ಅವಳಿಗೆ ಕೇಳುವಷ್ಟು ಕೂಗಿದ್ದರಿಂದ ಅರ್ಧ ಬಬಲೇಶ್ವರಕ್ಕೂ ಕೇಳಿತು. ಗಾಳಿ ಆ ಕಡೆ ಇದ್ದದ್ದಕ್ಕೆ ಕಾಖಂಡಕಿಯಲ್ಲೂ ಇಬ್ಬರು ಕೇಳಿದರಂತೆ. ಇನ್ನು ಮಾತು ತಿರುಗಿಸುವ ಹಾಗಿರಲಿಲ್ಲ. ಪೀರಾಂಬಿ ಅಳಿಯನ ಗಲ್ಲ ಹಿಡಿದು, "ಕೇಳಸೋ ನನ್ನಪ್ಪಾ. ಮುಖ ನೆನಪೈತಿ, ಧ್ವನಿ ಮರತಂಗ ಆಗೈತಿ" ಅಂದಳು. ಅಬ್ದುಲಸಮದ ಬರುವ ಗುರುವಾರ ಸಂಜೆಯ ಸೊಲ್ಲಾಪುರ ರೈಲುಗಾಡಿಗೆ ತಿರುಗಿ ಕುವೈತಿಗೆ ಹೊರಡುವವನು. ಅವನ ಜೋಡಿ ಮಷೀನೂ ಹೋಗುತ್ತಿತ್ತು.

ಮರುದಿನವೇ ಬಂದೇನವಾಜ ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ಘೋಣಸಗಿಗೆ ಹೋದ. ಅಬ್ದುಲಸಮದ ಮನೆಯೊಳಗೂ ಕಪ್ಪು ಕನ್ನಡಕ ಹಾಕಿಕೊಂಡು, ಕೊರಳಿನ ಬಂಗಾರದ ಚೈನು ಕಾಣಲಿ ಅಂತ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿಕೊಂಡು ಕೂತಿದ್ದ. ಅತ್ತರಿನ ವಾಸನೆ ಎಷ್ಟಿತ್ತೆಂದರೆ ನೊಣಗಳು ಬಾಗಿಲಲ್ಲೇ ಮೂರ್ಛೆ ಹೋಗುತ್ತಿದ್ದವು. ಮಷೀನಿನ ಮೇಲೆ ಕಸೂತಿಯ ವಸ್ತ್ರ ಹೊದಿಸಿತ್ತು.

"ಮುಟ್ಟಬ್ಯಾಡೋ ಮಾರಾಯ, ಫಾರಿನ್ ಮಾಲ್ ಐತಿ," ಅಂದ.

"ಮುಟ್ಟೂದಿಲ್ಲೋ. ಹೆಣ್ಣಮಕ್ಕಳ ಅಳತಿ ತಗೊಂಡಂಗ ದೂರದಿಂದ ತಗೋತೇನಿ," ಅಂದ ಬಂದೇನವಾಜ.

ಮಷೀನಿನ ಬೆನ್ನಿಗೆ ಒಂದು ದುಂಡನೆಯ ಕಾಜಾ ಇತ್ತು. ಧ್ವನಿ ಹೊರಗೆ ಬರುವುದು ಅದರಿಂದಲೇ. ಒಳಗೆ ಅರ್ಧಚಂದ್ರದ ಹಾಗೆ ಸಾಲಾಗಿ ಐದು ಸಣ್ಣ ತೂತು. ಅಂಥದನ್ನು ಅವನು ಹಿಂದೆ ಕಂಡಿರಲಿಲ್ಲ. ಇವನ ಹತ್ತಿರ ಇದ್ದವೆಲ್ಲ ಒಂದು ಕಡ್ಡಿ, ಎರಡು ಕಡ್ಡಿಯ ಗುಂಡಿಗಳು. ಟೇಪು ಹಿಡಿದು ಅಡ್ಡ ಅಳೆದ, ಉದ್ದ ಅಳೆದ. ಖಾಕಿ ಕಾಗದದ ಮೇಲೆ ದುಂಡಗೆ ಗೀಟು ಹಾಕಿ, ಒಳಗೆ ಐದು ಚುಕ್ಕಿ ಇಟ್ಟು, ಕುಬಸದ ತೋಳಿನ ನಮೂನೆ ಕತ್ತರಿಸುವ ಹಾಗೆ ಕತ್ತರಿಸಿ ಜೇಬಿಗಿಟ್ಟುಕೊಂಡ.

ಅಲ್ಲಿಂದ ಅವನು ಹೋದದ್ದು ವಿಜಾಪುರದ ಜೋರಾಪುರ ಪೇಟೆಯ ಶಿವಯೋಗೆಪ್ಪನವರ ರೇಡಿಯೋ ಅಂಗಡಿಗೆ. ಹಳೆಯ ರೇಡಿಯೋಗಳು ಅಲ್ಲಿ ಗೋಡೆಯ ಮೇಲೆ ಗೋಡೆ ಕಟ್ಟಿಕೊಂಡು ಕೂತಿದ್ದವು. ಒಮ್ಮೆ ಒಳಗೆ ಹೋದ ಗಿರಾಕಿಯನ್ನು ಹುಡುಕಲು ಎರಡನೇ ಗಿರಾಕಿಯನ್ನು ಕಳಿಸಬೇಕಾಗುತ್ತಿತ್ತು. ಶಿವಯೋಗೆಪ್ಪ ಕಾಗದದ ನಮೂನೆಯನ್ನು ಬೆಳಕಿಗೆ ಹಿಡಿದರು.

"ಏನಿದು ಮಾಸ್ತರ, ಟೋಪಿಗಿ ಏನು?"

"ಟೇಪ್‌ರೆಕಾರ್ಡರಿನ ಕಾಜಾ ರೀ ಸಾವಕಾರ್ರ. ಇದಕ್ಕ ಗುಂಡಿ ಬೇಕು."

"ಟೇಪ್‌ರೆಕಾರ್ಡರಿಗೆ ಇಷ್ಟು ದೊಡ್ಡದು ಎಲ್ಲಿರತೈತೋ? ಡಿನ್ ಪ್ಲಗ್ ಅಂತ ಬರತೈತಿ, ಅದು ಸಣ್ಣದು."

"ನನ್ನ ಕೈಯಾರೆ ಅಳದೀನ್ರಿ!"

ಟೇಲರನ ಅಳತಿಯ ಮುಂದೆ ಸಾವಕಾರರು ಏನು ಹೇಳಿಯಾರು? ಒಳಗೆ ಹೋಗಿ, ಯಾವುದೋ ಮುತ್ತಾತನ ಕಾಲದ ವಾಲ್ವ್ ರೇಡಿಯೋದ ಐದು ಕಡ್ಡಿಯ ಪ್ಲಗ್ಗು ತಂದು ನಮೂನೆಯ ಮೇಲಿಟ್ಟರು. ಕಡ್ಡಿಗಳು ಚುಕ್ಕಿಯ ಮೇಲೆ ಹೆಚ್ಚು ಕಡಿಮೆ ಕೂತವು. ಬಂದೇನವಾಜ ಅದನ್ನು ಕಿಸೆಯಲ್ಲಿಟ್ಟುಕೊಂಡು, ಅತ್ತೆಗೆ ಮಗನನ್ನೇ ತಂದು ಒಪ್ಪಿಸುವವನ ಹಾಗೆ ಬಸ್ಸು ಹತ್ತಿದ. ತಿಕೋಟಾದಲ್ಲಿ ಇಳಿಯದೆ ನೇರ ಘೋಣಸಗಿಗೆ ಹೋದ.

ಅಲ್ಲಿ ಕಾಜಾದ ಮುಂದೆ ಗುಂಡಿ ಹಿಡಿದರೆ, ಕೋಳಿಗೂಡಿಗೆ ಎಮ್ಮೆ ಹೊಗಿಸಲು ಹೊರಟಂತಿತ್ತು. ಅಬ್ದುಲಸಮದ ಕಪ್ಪು ಕನ್ನಡಕ ತೆಗೆದು ನೋಡಿದ, ಮತ್ತೆ ಹಾಕಿಕೊಂಡು ನೋಡಿದ. ಎರಡೂ ರೀತಿಯಲ್ಲಿ ಅದು ಎಮ್ಮೆಯೇ.

ಮನೆಗೆ ಬಂದು ಬಂದೇನವಾಜ ಹೊಲಿಗೆ ಮಷೀನಿನ ಮೇಲೆ ಗುಂಡಿ ಇಟ್ಟು, ಪಕ್ಕದಲ್ಲಿ ಕಾಗದದ ನಮೂನೆ ಇಟ್ಟು, ಗದ್ದಕ್ಕೆ ಕೈ ಕೊಟ್ಟು ಕೂತ. ಅಬೇದಾ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು.

"ಎಷ್ಟಿತ್ರಿ ಅದು ಖರೇವಂದ್ರೂ?"

"ಅರ್ಧ ಇಂಚಿಗಿ ತುಸು ಹೆಚ್ಚ."

"ಮತ್ತ ಈ ಕಾಗದ ಒಂದೂಕಾಲ ಇಂಚು ಹೆಂಗ ಆತು?"

ಬಂದೇನವಾಜ ಕಾಗದವನ್ನು ಅಂಗೈಯಿಂದ ಮುಚ್ಚಿದ. ಅವನ ಮುಖ ನೋಡಿ ಅಬೇದಾ ಬಾಯಿಗೆ ಸೆರಗು ಅಡ್ಡ ಹಿಡಿದಳು. "ಅಯ್ಯ, ಸಡ್ಲ ಬಿಟ್ಟೀರೇನ್ರಿ? ಅದೇನು ಬೆಳಿಯೋ ಕೂಸೇನ್ರಿ? ಬರೋ ವರ್ಷ ಸಾಲಿಗೆ ಕಳಸಾವರೇನು ಅದನ್ನ?"

"ಕೈ ತಾನ ಬಿಟ್ಟೈತಲೇ. ನಾ ಬಿಟ್ಟಿಲ್ಲ."

ನಗು ನಿಂತ ಮೇಲೆ ದಾರಿ ತೋರಿಸಿದವಳೂ ಅಬೇದಾನೇ. ನಮ್ಮ ಕಡೆ ಕುಬಸ ಹೊಲಿಸುವ ಹೆಣ್ಣುಮಕ್ಕಳು ತಾವು ಅಳತಿ ಕೊಡಲು ಬರುವುದಿಲ್ಲ. ಮೈಗೆ ಸರಿಯಾಗಿ ಕೂಡುವ ಹಳೇ ಕುಬಸವೊಂದನ್ನು ಅಳತಿಗೆಂದು ಕಳಿಸುತ್ತಾರೆ. ಟೇಪು ಸುಳ್ಳು ಹೇಳೀತು, ಅಳತಿ ಕುಬಸ ಹೇಳುವುದಿಲ್ಲ. "ಹಂಗ ಆ ಮಷೀನನ್ನ ಸಾವಕಾರ್ರ ಅಂಗಡಿಗೆ ಒಯ್ಯರಿ. ಹೆಂಗೂ ಗುರುವಾರ ಅಬ್ದುಲಸಮದ ಗಾಡಿ ಹತ್ತಾಕ ವಿಜಾಪುರಕ್ಕ ಬರಾವನ ಅದಾನ. ನಾ ಬಬಲೇಶ್ವರಕ್ಕ ಹೋಗಿ ಅಮ್ಮನ್ನ ಅಲ್ಲಿಗೇ ಕರಕೊಂಡು ಬರ್ತೇನಿ. ಅಲ್ಲೇ ಜೋಡಸರಿ, ಅಲ್ಲೇ ಕೇಳಸರಿ."

ಗುರುವಾರದ ಬಸ್ಸಿನ ವೈಭವ ನೋಡಬೇಕಿತ್ತು. ಅಬ್ದುಲಸಮದ ಕೂಸನ್ನು ಎತ್ತಿಕೊಂಡ ಬಾಣಂತಿಯ ಹಾಗೆ ಮಷೀನನ್ನು ತೊಡೆಯ ಮೇಲೆ ಇಟ್ಟುಕೊಂಡು, ರಸ್ತೆಯ ಪ್ರತಿ ತಗ್ಗಿಗೂ ಡ್ರೈವರನಿಗೆ ಬೈಯುತ್ತಿದ್ದ. ತಿಕೋಟಾ ರಸ್ತೆಯ ತಗ್ಗುಗಳ ಆಳ ಹೇಳಬೇಕೆಂದರೆ, ಒಂದರಲ್ಲಿ ಇಳಿದ ಬಸ್ಸು ಮೇಲೆ ಬರುವಷ್ಟರಲ್ಲಿ ಒಳಗೆ ಕೂತವರ ಗಡ್ಡ ಬೆಳೆದಿರುತ್ತಿತ್ತು. ಪಕ್ಕದಲ್ಲಿ ಬಂದೇನವಾಜ, ಒಂದು ಕೈಯಲ್ಲಿ ಬಿಸ್ಕೀಟಿನ ಡಬ್ಬಿ, ಕಾಲ ಸಂದಿಯಲ್ಲಿ ಹರವಿ. ಸಂತೆಗೆ ಹೊರಟಿದ್ದ ಲಕ್ಕವ್ವ ಮಜ್ಜಿಗೆ ಇದೆಯೇನೋ ಅಂತ ಹರವಿಯ ಬಾಯಿಗೆ ಬಗ್ಗಿ ನೋಡಿದಳು.

"ಬಾಯಿಗೆ ಕಾಗದ ಮೆತ್ತೀಯಲ್ಲೋ ಯಪ್ಪಾ! ನೀರು ಕುಡಿಯೂದು ಹೆಂಗ?"

"ಇದು ನೀರು ಕುಡಿಯೋ ಹರವಿ ಅಲ್ಲಬೇ, ಮಾತಾಡೋ ಹರವಿ."

"ನಮ್ಮ ಮನ್ಯಾಗ ಮಾತಾಡೋವು ಬೇಕಾದಷ್ಟು ಅದಾವು. ಸುಮ್ಮನಿರೋದು ಒಂದು ಮಾಡಿಕೊಡೋ," ಅಂದಳು ಲಕ್ಕವ್ವ.

ಅಂಗಡಿಯಲ್ಲಿ ಶಿವಯೋಗೆಪ್ಪ ಮಷೀನನ್ನು ತಿರುಗಿಸಿ ಬೆನ್ನು ನೋಡಿದರು. "ಇಷ್ಟಕ್ಕ ಅಷ್ಟು ದೊಡ್ಡ ಟೋಪಿ ಹೊಲದಿದ್ಯಲ್ಲೋ ಮಾಸ್ತರ!" ಅನ್ನುತ್ತ ಒಂದು ಬುಟ್ಟಿ ತಂದು ಸುರಿದರು. ಅದರಲ್ಲಿ ನಮ್ಮ ಜಿಲ್ಲೆಯಲ್ಲಿ ಹುಟ್ಟಿದ, ಸತ್ತ ಎಲ್ಲ ಪ್ಲಗ್ಗುಗಳೂ ಇದ್ದವು. ದಪ್ಪ ಒಂಟಿ ಕಡ್ಡಿಯವು, ಗೋಡೆಗೆ ಚುಚ್ಚುವ ಎರಡು ಕಡ್ಡಿಯವು, ಮೊಸಳೆಯ ಹಾಗೆ ಕಚ್ಚಿ ಹಿಡಿಯುವವು. ಅವುಗಳ ನಡುವೆ ಒಂದು ಸಣ್ಣ ದುಂಡನೆಯ ಪ್ಲಗ್ಗು. ಮಷೀನಿನ ಕಾಜಾಕ್ಕೆ ಹಿಡಿದು ಒತ್ತಿದರೆ ಕಟ್ ಅಂತ ಕೂತಿತು. ಎಳೆದರೆ ಬರಲಿಲ್ಲ. ಟಿಚ್ ಬಟನ್ ಹಾಕಿದ ಹಾಗೆ.

"ಇದ ನೋಡ ನಿನ್ನ ಗುಂಡಿ," ಅಂದರು.

ಬಂದೇನವಾಜ ಅದನ್ನು ಕಿತ್ತು ತಿರುಗಿಸಿ ನೋಡಿದ. ಅವನ ಮುಖ ಸಣ್ಣದಾಯಿತು. "ಇದಕ್ಕ ಮೂರ ಕಡ್ಡಿ ಅದಾವ್ರೀ."

"ಹೌದು."

"ಕಾಜಾ ಐದು ಅದಾವು."

"ಇರಲಿ ಬಿಡು. ಎರಡು ಕಡೀವು, ಒಂದು ನಡುವಿಂದು. ಕೆಲಸದವು ಆ ಮೂರ. ಉಳಿದ ಎರಡು, ಎರಡು ಬಾಯಿಲೆ ಬೇರೆ ಬೇರೆ ಹಾಡೋ ದೊಡ್ಡ ಮಷೀನಿಗೆ ಬೇಕಾಗೋವು. ಇದು ಒಂದ ಬಾಯಿದು."

"ಐದು ಕಾಜಾ ಇಟ್ಟು ಮೂರ ಗುಂಡಿ ಹಚ್ಚಿದ ಅಂಗಿನ ನಾ ಹುಟ್ಟಿದ ಮ್ಯಾಲ ಹೊರಗ ಕಳಿಸಿಲ್ರಿ ಸಾವಕಾರ್ರ! ಕಾಜಾ ಮಾಡಿದಾವ ಹುಚ್ಚನೇನ್ರಿ? ಐದು ಕಡ್ಡೀದ ಹುಡಕರಿ."

ಇದು ಬಂದೇನವಾಜನಲ್ಲದೆ ಬೇರೆ ಯಾರೂ ಮಾಡಲಾರದ ತಕರಾರು. ಬೇರೆಯವರು ಕೂತಿತಲ್ಲ ಅಂತ ಖುಷಿಯಿಂದ ಎದ್ದು ಹೋಗುತ್ತಿದ್ದರು. ಖಾಲಿ ಉಳಿದ ಕಾಜಾ ಅಂದರೆ ಅವನಿಗೆ ಅಂಗಳದಲ್ಲಿ ಬತ್ತಲೆ ನಿಂತಂತೆ. ಶಿವಯೋಗೆಪ್ಪ ಇನ್ನೊಂದು ಬುಟ್ಟಿ ಸುರಿದರು. ಐದು ಕಡ್ಡಿಯದು ಸಿಗಲಿಲ್ಲ. ಪಕ್ಕದ ಸೈಕಲ್ ಅಂಗಡಿಯವರು, ಎದುರಿನ ಬಳೆಗಾರರು ಬಂದು ತಾವೂ ಬುಟ್ಟಿಯಲ್ಲಿ ಕೈಯಾಡಿಸಿದರು. ಬಳೆಗಾರರಿಗೆ ಕಳೆದ ವರ್ಷ ಕಳೆದುಹೋದ ತಮ್ಮ ಅಂಗಡಿಯ ಕೀಲಿ ಸಿಕ್ಕಿತು, ಪ್ಲಗ್ಗು ಸಿಗಲಿಲ್ಲ.

ಹೊತ್ತು ಇಳಿಯುತ್ತಿತ್ತು. ಅಬ್ದುಲಸಮದ ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದ. ಅಷ್ಟರಲ್ಲಿ ಬಬಲೇಶ್ವರದ ಬಸ್ಸಿನಿಂದ ಇಳಿದು, ಅಬೇದಾಳ ಕೈ ಹಿಡಿದುಕೊಂಡು ಪೀರಾಂಬಿ ಬಂದಳು. ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟಿದ್ದಳು, ಮಗನೇ ಎದುರು ಬಂದು ಕೂಡುವವನಿದ್ದಾನೆ ಅನ್ನುವ ಹಾಗೆ. ಅಂಗಡಿಯ ಸ್ಟೂಲಿನ ಮೇಲೆ ಕೂತು ಅಳಿಯನ ಮುಖ ನೋಡಿದಳು. 

"ಹಚ್ಚರಲ್ಲ ಅದನ್ನ!" ಅಂದಳು ಅಬೇದಾ. "ಕೂಡತೈತಿ ಅಂತ ಸಾವಕಾರ್ರು ಹೇಳಾಕತ್ತಾರ."

"ಎರಡು ಕಾಜಾ ಬೋಳು ಉಳೀತಾವಲೇ. ಹೊಲಿಗಿ ಬಿಚ್ಚಿ ನಡುವ ಮಾತು ಬಿದ್ದು ಹೋದ್ರ? ನಿಮ್ಮ ಅಮ್ಮಗ ಅರ್ಧಾ ಕೇಳಿ ಅರ್ಧಾ ಕೇಳದಂಗ ಆದ್ರ?"

ಅವನ ಅಂಜಿಕೆ ಇದ್ದದ್ದು ಅಲ್ಲಿ. ಶಿವಯೋಗೆಪ್ಪನವರಿಗೂ ಅದು ತಿಳಿಯಿತು. ಅವರು ಎದ್ದು ಅಬ್ದುಲಸಮದನ ಭುಜ ಹಿಡಿದು ಬಂದೇನವಾಜನ ಎದುರಿಗೆ ತಂದು ನಿಲ್ಲಿಸಿದರು. ಕೊರಳಿನ ಚೈನು ಬಿಸಿಲಿಗೆ ಝಗಝಗ ಅಂದಿತು.

"ನೋಡೋ ಮಾಸ್ತರ. ಇವನ ಅಂಗಿಗಿ ಐದು ಕಾಜಾ. ಹಾಕ್ಕೊಂಡ ಗುಂಡಿ ಎಷ್ಟು?"

ಬಂದೇನವಾಜ ನೋಡಿದ. "ಮೂರ್ರಿ."

"ಅಂಗಿ ಕಳಚಿ ಬಿದ್ದೈತೇನು?"

"ಇಲ್ರಿ."

"ಕುವೈತ್‌ದಿಂದ ಇಲ್ಲೀತನಾ ಬಿದ್ದಿಲ್ಲ, ಹಡಗಿನ್ಯಾಗ ಬಿದ್ದಿಲ್ಲ, ತಿಕೋಟಾದ ಬಸ್ಸಿನ್ಯಾಗೂ ಬಿದ್ದಿಲ್ಲ! ಇನ್ನೇನು ಪುರಾವೆ ಬೇಕಲೇ ನಿನಗ?"

ತನ್ನ ಚೈನಿನ ಚಂದ ನೋಡಲು ಕರೆದರೇನೋ ಅಂದುಕೊಂಡು ಅಬ್ದುಲಸಮದ ಇನ್ನಷ್ಟು ಎದೆ ಉಬ್ಬಿಸಿದ. ಸೈಕಲ್ ಅಂಗಡಿಯವರು ಬಿದ್ದು ಬಿದ್ದು ನಕ್ಕರು. ಬಂದೇನವಾಜ ಮಾತ್ರ ನಗಲಿಲ್ಲ. ಟೇಲರನ ಕಣ್ಣಿನಿಂದ ಆ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, ಒಮ್ಮೆ ಎಳೆದು ನೋಡಿ, ಪ್ಲಗ್ಗು ಕೈಗೆತ್ತಿಕೊಂಡ. ಬೆಸುಗೆ ಕಡ್ಡಿ ಕಾಯಿಸಿದ. ಡಬ್ಬಿಯ ವೈರಿನ ಒಂದು ಎಳೆಯನ್ನು ನಡುವಿನ ಕಡ್ಡಿಗೆ, ಇನ್ನೊಂದನ್ನು ಸಾವಕಾರರು ತೋರಿಸಿದ ಕಡೆಯ ಕಡ್ಡಿಗೆ ಕೂಡಿಸಿದ. ಹೊಲಿದ ಮೇಲೆ ದಾರ ಹಲ್ಲಿನಿಂದ ಕಡಿಯುವ ಚಾಳಿ ಅವನದು. ಇಲ್ಲೂ ಬಾಯಿ ಒಯ್ದ. ಅಬೇದಾ ತಲೆ ಹಿಡಿದು ಜಗ್ಗಿದ್ದಕ್ಕೆ ತುಟಿ ಉಳಿಯಿತು.

ಪ್ಲಗ್ಗು ಕಟ್ ಅಂತ ಕೂತಿತು. ಹರವಿಯನ್ನು ಪೀರಾಂಬಿಯ ಎದುರಿಗಿಟ್ಟ. ಕ್ಯಾಸೆಟ್ಟು ಹಾಕಿ ಮಷೀನು ಹಚ್ಚಿದರೆ ಸರಸರ ಸಪ್ಪಳ ಬಂತು, ಮಾತು ಬರಲಿಲ್ಲ.  ಧ್ವನಿಯೇ ಸಣ್ಣಗಿದೆಯೇನೋ ಅಂದುಕೊಂಡು ಬಂದೇನವಾಜ ಡಬ್ಬಿಯ ಧ್ವನಿ ಏರಿಸುವ ಕಿವಿಯನ್ನು ಕೊನೆಯತನಕ ತಿರುವಿದ.

ಈಗ ಒಂದು ಮಾತು ಹೇಳಬೇಕು. ತಾಯಿಗೆ ಕಿವಿ ಕೇಳುವುದಿಲ್ಲ ಅಂತ ಲಾಡಲೇಸಾಬನಿಗೆ ಗೊತ್ತಿತ್ತು. ಅದಕ್ಕೆ ಅವನು ಕುವೈತಿನ ಖೋಲಿಯ ಬಾಗಿಲು ಹಾಕಿ, ಮೈಕಿಗೆ ಬಾಯಿ ಹಚ್ಚಿ, ಇದ್ದ ಶಕ್ತಿಯೆಲ್ಲ ಹಾಕಿ ಕೂಗಿದ್ದ. ಒಡೆದ ಸ್ಪೀಕರಿನ ದೆಸೆಯಿಂದ, ಹಾಕಿದ ಆಣೆಯ ದೆಸೆಯಿಂದ, ಅದು ಈ ತನಕ ಯಾರಿಗೂ ತಿಳಿದಿರಲಿಲ್ಲ.

"ಅಮ್ಮಾ!" ಅಂದಿತು ಹರವಿ.

ಜೋರಾಪುರ ಪೇಟೆಯ ಟಾಂಗಾದ ಕುದುರೆಗಳು ಸವಾರಿ ಇಲ್ಲದೆಯೇ ಸ್ಟೇಶನ್ನಿಗೆ ಹೋಗಿ ಮುಟ್ಟಿದವು. ಬಳೆಗಾರರ ಅಂಗಡಿಯ ಬಳೆಗಳು ಒಂದು ಡಝನ್ ಇದ್ದದ್ದು ಎರಡು ಡಝನ್ ಆದವು, ಎಲ್ಲ ಅರ್ಧ ಅರ್ಧ. ಆ ಕೂಗು ಗೋಳಗುಮ್ಮಟದೊಳಗೆ ಹೊಕ್ಕು ಸುತ್ತಿ ಸುತ್ತಿ ಹೊರಗೆ ಬರುವ ದಾರಿ ಕಾಣದೆ ಮರುದಿನ ಮಧ್ಯಾಹ್ನದತನಕ ಅಲ್ಲೇ ಇತ್ತು ಅಂತ ಅಲ್ಲಿಯ ಕಾವಲುಗಾರ ಹೇಳುತ್ತಿದ್ದ. ಪೇಟೆಯಲ್ಲಿ ಮಕ್ಕಳನ್ನು ಪರಊರಿಗೆ ಕಳಿಸಿದ್ದ ತಾಯಂದಿರೆಲ್ಲ "ಏನೋ?" ಅನ್ನುತ್ತ ಹೊರಗೆ ಬಂದರು.

ಪೀರಾಂಬಿ ಕದಲಲಿಲ್ಲ. ಎರಡೂ ಕೈಯಿಂದ ಹರವಿಯ ಹೊಟ್ಟೆ ಹಿಡಿದಿದ್ದಳು. ಹರವಿ ಹೇಳುತ್ತ ಹೋಯಿತು. ಆರಾಮ ಅದೇನಿ. ಹೊಟ್ಟಿ ತುಂಬ ಉಣ್ಣತೇನಿ. ಖೋಲ್ಯಾಗ ಅಬ್ದುಲಸಮದನ ಗೊರಕಿ ಒಂದು ಬಿಟ್ರ ಬ್ಯಾರೆ ತ್ರಾಸ ಇಲ್ಲ. ಕರಿ ಆಡು ಈದೈತೇನು? ಅಬೇದಾ, ನಿನ್ನ ಗಂಡ ಅರಿವಿ ಹೊಲಿಯಾಕತ್ತಾನೋ ಇಲ್ಲಾ ಇನ್ನೂ ಡಬ್ಬಿ ಹೊಲಿಯಾಕತ್ತಾನೋ?

ಪೇಟೆಯ ಮಂದಿಯೆಲ್ಲ ಒಂದೇ ಬಾಯಿಂದ "ಡಬ್ಬಿ!" ಅಂತ ಉತ್ತರ ಕೊಟ್ಟರು. ಒಂದು ಮಾತೂ ನಡುವೆ ಬಿದ್ದಿರಲಿಲ್ಲ. ಬಂದೇನವಾಜ ಪ್ಲಗ್ಗಿನ ಮೇಲೆ ಒಂದು ಬೆರಳು ಇಟ್ಟುಕೊಂಡೇ ನಿಂತಿದ್ದ. ಅವನ ಕಣ್ಣು ಪ್ಲಗ್ಗಿನ ಮೇಲಿಂದ ಎದ್ದು ಅತ್ತೆಯ ಮುಖಕ್ಕೆ ಹೋದದ್ದು ಕ್ಯಾಸೆಟ್ಟು ನಿಂತ ಮೇಲೆಯೇ.

ಪೀರಾಂಬಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಹುಬ್ಬು ಗಂಟಿಕ್ಕಿ ಮಗಳ ಕಡೆ ತಿರುಗಿದಳು.

"ಯಾಕ ಅಷ್ಟು ಒದರತಾನ ಅಂವ? ನಾ ಏನು ಕಿವುಡಿ ಏನು?"

ಅಂಗಡಿಯಲ್ಲಿ ಯಾರಿಗೂ ಹೌದು ಅನ್ನುವ ಧೈರ್ಯ ಬರಲಿಲ್ಲ. ಅಬ್ದುಲಸಮದನಿಗೆ ಗಾಡಿಯ ಗಡಿಬಿಡಿ ಇದ್ದರೂ, ಅವನೂ ತಾಯಿ ಇದ್ದವನೇ. ಮಷೀನಿನ ಮೈಕು ತೆಗೆದು, ಕ್ಯಾಸೆಟ್ಟನ್ನು ಮಗ್ಗಲು ಬದಲಿಸಿ, "ಏನು ಹೇಳಬೇಕೋ ಹೇಳಬೇ, ನಾ ಒಯ್ದು ಮುಟ್ಟಸ್ತೇನಿ" ಅಂತ ಕೈ ಸನ್ನೆ ಮಾಡಿ ತಿಳಿಸಿದ. ಬಂದೇನವಾಜ ಅತ್ತೆಯ ಕೈಗೆ ಮೈಕು ಹಿಡಿಸಿದ. ಜನ ಬಾಗಿಲತನಕ ತುಂಬಿಕೊಂಡು, ಇನ್ನು ಈ ಮುದುಕಿ ಎಷ್ಟು ಜೋರಾಗಿ ಕೂಗುತ್ತಾಳೋ ಅಂತ ಕಿವಿಗೆ ಕೈ ಅಡ್ಡ ಇಟ್ಟುಕೊಂಡರು.

ಪೀರಾಂಬಿ ಸುತ್ತಲೂ ಒಮ್ಮೆ ನೋಡಿದಳು. ಮೈಕನ್ನು ತುಟಿಯ ಹತ್ತಿರ ತಂದು, ಮಲಗಿದ ಕೂಸಿನ ಕಿವಿಯಲ್ಲಿ ಹೇಳುವ ಹಾಗೆ ಮೆತ್ತಗೆ ಅಂದಳು:

"ಲಾಡಲ್ಯಾ, ಆಡು ಈದೈತೋ, ಎರಡು ಮರಿ. ನೀ ಇನ್ನೊಮ್ಮೆ ಮಾತಾಡೂ ಮುಂದ ತುಸು ಮೆಲ್ಲಕ ಮಾತಾಡಪಾ. ಇಲ್ಲಿ ಪ್ಯಾಟಿ ಮಂದಿ ಎಲ್ಲಾ ನಿಂತು ಕೇಳಾಕತ್ತಾರ."